‘5 ವರ್ಷಕ್ಕೆ 98% ಜೀನಿಯಸ್, ದೊಡ್ಡವರಾದ ಮೇಲೆ 2%’: ಶಾಲೆ ಮಕ್ಕಳ ಸೃಜನಶೀಲತೆಯನ್ನು ಕೊಲ್ಲುತ್ತದೆಯೇ?

‘ನಾಸಾ ಸಂಶೋಧನೆ! ಐದು ವರ್ಷದ ಮಕ್ಕಳಲ್ಲಿ ಶೇ. 98ರಷ್ಟು ಸೃಜನಶೀಲ ಮೇಧಾವಿಗಳು. ಹತ್ತು ವರ್ಷಕ್ಕೆ ಶೇ. 30, ಹದಿನೈದಕ್ಕೆ ಶೇ. 12, ದೊಡ್ಡವರಾದ ಮೇಲೆ ಬರೀ ಶೇ. 2. ನಿಮ್ಮ ಮಗುವಿನ ಮೆದುಳನ್ನು ಶಾಲೆ ಕೊಲ್ಲುತ್ತಿದೆ!’

ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರ ಜೊತೆಗೇ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಇನ್ನೊಂದು ಮಾತೂ ಓಡಾಡುತ್ತದೆ: ‘ಸರ್ಕಾರಿ ಶಾಲೇಲಿ ನಲಿ-ಕಲಿ ಅಂತ ಬರೀ ಹಾಡು, ಆಟ. ಮಕ್ಕಳಿಗೆ ಓದೋಕೇ ಬರಲ್ಲ.’ ಮೊದಲನೆಯದು ಶಾಲೆಯಲ್ಲಿ ಪಾಠ ಹೆಚ್ಚಾಯಿತು ಅನ್ನುತ್ತದೆ, ಎರಡನೆಯದು ಆಟ ಹೆಚ್ಚಾಯಿತು ಅನ್ನುತ್ತದೆ. ತಮಾಷೆ ಅಂದರೆ ಎರಡನ್ನೂ ಒಬ್ಬರೇ ಫಾರ್ವರ್ಡ್ ಮಾಡುವುದುಂಟು. ಕಲಿಕೆ ಮತ್ತು ಸೃಜನಶೀಲತೆ ತಕ್ಕಡಿಯ ಎರಡು ತಟ್ಟೆಗಳು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂದು ಎರಡೂ ನಂಬಿವೆ. ಮಗುವನ್ನು ಯಾವ ಶಾಲೆಗೆ ಹಾಕಬೇಕು, ಯಾವ ಕೋರ್ಸಿಗೆ ದುಡ್ಡು ಕಟ್ಟಬೇಕು ಎಂದು ಪೋಷಕರು ಈ ನಂಬಿಕೆಯ ಮೇಲೆ ತೀರ್ಮಾನಿಸುತ್ತಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

98ರ ಲೆಕ್ಕ ಎಲ್ಲಿಂದ ಬಂತು?

ಇದರ ಮೂಲ ಅಮೆರಿಕದ ಜಾರ್ಜ್ ಲ್ಯಾಂಡ್. ನಾಸಾಕ್ಕೆ ಹೊಸ ಆಲೋಚನೆಯ ಎಂಜಿನಿಯರುಗಳನ್ನು ಗುರುತಿಸಲು ತಾವು ಒಂದು ಪರೀಕ್ಷೆ ರೂಪಿಸಿದ್ದಾಗಿಯೂ, ಅದನ್ನೇ 1968ರಲ್ಲಿ 1,600 ಮಕ್ಕಳಿಗೆ ಕೊಟ್ಟು ನೋಡಿದ್ದಾಗಿಯೂ ಅವರು ಹೇಳಿದ್ದಾರೆ. ಬೆತ್ ಜಾರ್ಮನ್ ಜೊತೆ 1992ರಲ್ಲಿ ತಂದ ಪುಸ್ತಕದಲ್ಲಿ, ಆಮೇಲೆ ಒಂದು ಟೆಡ್‌ಎಕ್ಸ್ ಭಾಷಣದಲ್ಲಿ ಈ ಅಂಕಿಗಳಿವೆ. ಅಂದರೆ ಅವು ಲ್ಯಾಂಡ್ ಅವರ ಅಂಕಿಗಳು, ‘ನಾಸಾ ಸಂಶೋಧನೆ’ ಎನ್ನುವ ಹಣೆಪಟ್ಟಿ ಫಾರ್ವರ್ಡಿನ ಕೊಡುಗೆ.

ಇತರ ವಿಜ್ಞಾನಿಗಳು ಪರಿಶೀಲಿಸಿ ಪ್ರಕಟಿಸುವ ಸಂಶೋಧನಾ ಪತ್ರಿಕೆಯಲ್ಲಿ ಇದು ಬಂದಿಲ್ಲ. ಎಷ್ಟು ಅಂಕ ಬಂದರೆ ‘ಜೀನಿಯಸ್’, ಆ ಗೆರೆ ಎಳೆದವರು ಯಾರು ಎನ್ನುವುದನ್ನು ಫಾರ್ವರ್ಡು ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಶೇ. 2 ಬಂದಿರುವುದು ಬೇರೆ ವಯಸ್ಕರಿಂದ. ಅದೇ 1,600 ಮಕ್ಕಳು ಬೆಳೆದು ಮತ್ತೆ ಪರೀಕ್ಷೆ ಬರೆದದ್ದಲ್ಲ. ಒಂದು ಊರಿನ ಮಕ್ಕಳ ಎತ್ತರವನ್ನೂ ಇನ್ನೊಂದು ಊರಿನ ಹಿರಿಯರ ಎತ್ತರವನ್ನೂ ಅಳೆದು, ಕುಗ್ಗಿದ್ದಕ್ಕೆ ಶಾಲೆಯೇ ಕಾರಣ ಎಂದ ಹಾಗಾಯಿತು.

ಇಂಥ ಪರೀಕ್ಷೆಗಳು ಏನನ್ನು ಅಳೆಯುತ್ತವೆ? ಸಾಮಾನ್ಯ ಮಾದರಿ ಹೀಗೆ: ಒಂದು ತೆಂಗಿನ ಚಿಪ್ಪು ಕೊಟ್ಟು ‘ಇದರಿಂದ ಏನೇನು ಮಾಡಬಹುದು?’ ಎಂದು ಕೇಳುವುದು. ಐದು ವರ್ಷದ ಮಗು ಬೆಕ್ಕಿಗೆ ಟೋಪಿ, ಇರುವೆಗೆ ಮನೆ, ಚಂದ್ರನಿಗೆ ಮುಚ್ಚಳ ಎನ್ನುತ್ತ ಹೋಗುತ್ತದೆ. ನಾವು ಸೌಟು ಎಂದು ನಿಲ್ಲಿಸುತ್ತೇವೆ. ಮಗುವಿನ ಉತ್ತರ ಚೆಂದ, ಸಂಶಯವಿಲ್ಲ. ಆದರೆ ಈ ವಿಷಯದ ಸಂಶೋಧಕರು ಸೃಜನಶೀಲತೆಗೆ ಎರಡು ಗುಣ ಬೇಕೆನ್ನುತ್ತಾರೆ: ಹೊಸತಾಗಿರಬೇಕು, ಆ ಸಂದರ್ಭಕ್ಕೆ ಒದಗುವಂತೆಯೂ ಇರಬೇಕು. ಎರಡನೆಯದಕ್ಕೆ ಲೋಕಜ್ಞಾನ ಬೇಕು, ಅದು ಕಲಿತೇ ಬರಬೇಕು.

ಮಕ್ಕಳ ಅಂಕ ಇಳಿಯುವುದೇ ಇಲ್ಲವೇ? ಇಳಿಯುವುದುಂಟು. ಸೃಜನಶೀಲತೆಯ ಹೆಸರಾಂತ ಪರೀಕ್ಷೆ ರೂಪಿಸಿದ ಇ. ಪಾಲ್ ಟಾರನ್ಸ್ 1960ರ ದಶಕದಲ್ಲಿ ಅಮೆರಿಕದ ಮಕ್ಕಳಲ್ಲಿ ನಾಲ್ಕನೇ ತರಗತಿಯ ಹೊತ್ತಿಗೆ ಇಳಿತ ಕಂಡರು. ಕೆಲವರಲ್ಲಿ ಅದು ಮುಂದೆ ಮತ್ತೆ ಏರಿತು. ಫಾರ್ವರ್ಡು ತೋರಿಸುವ ನೇರ ಜಾರುಬಂಡೆ ಅಲ್ಲಿ ಇಲ್ಲ.

ಕಲಿತರೆ ಕಲ್ಪನೆ ಸಾಯುತ್ತದೆಯೇ?

15 ವರ್ಷದ ಮಕ್ಕಳಿಗೆ ನಡೆಯುವ ಅಂತರರಾಷ್ಟ್ರೀಯ ಪರೀಕ್ಷೆ ಪೀಸಾ. ಇದರ 2022ರ ಸುತ್ತಿನಲ್ಲಿ ಮೊದಲ ಬಾರಿ ಸೃಜನಶೀಲ ಚಿಂತನೆಯನ್ನೂ ಅಳೆದರು. ಫಲಿತಾಂಶ 2024ರ ಜೂನ್‌ನಲ್ಲಿ ಬಂತು. ಭಾರತ ಇದರಲ್ಲಿ ಭಾಗವಹಿಸಿರಲಿಲ್ಲ. 60ಕ್ಕೆ 41 ಅಂಕ ಪಡೆದು ಮೊದಲು ಬಂದದ್ದು ಸಿಂಗಪುರ. ಗಣಿತದಲ್ಲೂ ಮೊದಲನೆಯ ಸ್ಥಾನ ಇದೇ ದೇಶದ್ದು, ಪರೀಕ್ಷೆಗಳ ಒತ್ತಡಕ್ಕೆ ಹೆಸರಾದದ್ದೂ ಇದೇ ದೇಶ! ಗಣಿತದಲ್ಲಿ ಕನಿಷ್ಠ ಮಟ್ಟ ಮುಟ್ಟದ ಮಕ್ಕಳಲ್ಲಿ ಸೃಜನಶೀಲ ಚಿಂತನೆಯಲ್ಲಿ ಮಿಂಚಿದವರು ತೀರಾ ಕಡಿಮೆ. ಹಾಗೆಂದು ಮಿಂಚಿದವರೆಲ್ಲ ಗಣಿತದ ರ‍್ಯಾಂಕ್ ವಿದ್ಯಾರ್ಥಿಗಳೂ ಅಲ್ಲ, ಮಧ್ಯಮ ಅಂಕದವರೂ ಬೇಕಾದಷ್ಟು ಮಂದಿ ಇದ್ದರು. ಬುನಾದಿ ಬೇಕು, ಬುನಾದಿಯೊಂದೇ ಸಾಲದು.

ಇದಕ್ಕೆ ಸಿಂಗಪುರದ ತನಕ ಹೋಗಬೇಕಾಗಿಯೂ ಇಲ್ಲ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ಕಲಿಯುವವನು ಮೊದಲು ಹಿರಿಯರ ಜೊತೆ ಕೂತು ಸಾಲುಗಳನ್ನು ಬಾಯಿಪಾಠ ಮಾಡಬೇಕು, ತಾಳ ಕೈಗೆ ಹತ್ತಬೇಕು. ಅಷ್ಟಾದ ಮೇಲೆ ಎದುರಿಗೆ ಕೂತ ಜನರನ್ನು ನೋಡಿ ಕಥೆಯನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ನಗಿಸಬೇಕು ಎನ್ನುವುದು ಅವನ ಸ್ವಂತ ಬುದ್ಧಿ. ನಮ್ಮ ಶಾಲೆಗಳ ಉರು ಹೊಡೆಸುವಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ: ಶಾಲೆ ಬಾಯಿಪಾಠಕ್ಕೆ ಅಂಕ ಕೊಟ್ಟು ಅಲ್ಲಿಗೇ ಬಿಟ್ಟುಬಿಡುತ್ತದೆ.

‘ಶಾಲೆ ಬಿಟ್ಟರೂ ಮಹಾನ್ ಕಲಾವಿದ’ ಪಟ್ಟಿಗಳಲ್ಲಿ ಡಾ. ರಾಜ್‌ಕುಮಾರ್ ಹೆಸರು ಇದ್ದೇ ಇರುತ್ತದೆ. ಅವರು ಶಾಲೆ ಬೇಗ ಬಿಟ್ಟದ್ದು ನಿಜ. ಆದರೆ 1954ರಲ್ಲಿ ‘ಬೇಡರ ಕಣ್ಣಪ್ಪ’ ಬರುವ ಮುಂಚೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಅವರು ಪಟ್ಟ ಶ್ರಮವನ್ನು ಆ ಪಟ್ಟಿಗಳು ಮರೆಯುತ್ತವೆ. ಅದಕ್ಕಿಂತ ಕಟ್ಟುನಿಟ್ಟಾದ ಶಾಲೆ ಇನ್ನೆಲ್ಲಿ!

ನಲಿ-ಕಲಿಯಲ್ಲಿ ಬರೀ ಆಟವೇ?

ನಲಿ-ಕಲಿ ಹುಟ್ಟಿದ್ದು ಪಕ್ಕದಲ್ಲೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಇದನ್ನು ಶುರುಮಾಡಿದರು. ಆಗ ಗುಂಡ್ಲುಪೇಟೆ, ಚಾಮರಾಜನಗರಗಳೂ ಮೈಸೂರು ಜಿಲ್ಲೆಗೇ ಸೇರಿದ್ದವು. ಹೊಸ ಜಿಲ್ಲೆಯಾದದ್ದು 1997ರಲ್ಲಿ. 2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ಬಂತು.

ಹೊರಗಿನಿಂದ ನೋಡಿದರೆ ಗದ್ದಲ. ಒಳಗೆ ಒಂದು ಲೆಕ್ಕಾಚಾರವಿದೆ. ಪಾಠಗಳು ಚಿತ್ರವಿರುವ ಕಾರ್ಡುಗಳಾಗಿವೆ. ಗೋಡೆಯ ಮೇಲಿನ ‘ಕಲಿಕಾ ಏಣಿ’ ನೋಡಿ ಮಗು ತನ್ನ ಮುಂದಿನ ಕಾರ್ಡನ್ನು ತಾನೇ ಹುಡುಕುತ್ತದೆ. ಹೊಸ ಪಾಠದ ಮಗು ಶಿಕ್ಷಕರ ಬಳಿ ಕೂರುತ್ತದೆ, ಸ್ವಲ್ಪ ಕಲಿತದ್ದು ಗೆಳೆಯರ ಗುಂಪಿಗೆ, ಚೆನ್ನಾಗಿ ಬಂದದ್ದು ಸ್ವಂತ ಕಲಿಕೆಯ ಗುಂಪಿಗೆ. ನಾಲ್ಕು ದಿನ ಜ್ವರ ಬಂದು ಶಾಲೆ ತಪ್ಪಿದರೆ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಹಾಡೂ ಆಟವೂ ಈ ಏಣಿಯ ಮೆಟ್ಟಿಲುಗಳೇ. ನೋಟ್‌ಬುಕ್ ತುಂಬಿಲ್ಲ ಎಂಬ ಕಾರಣಕ್ಕೆ ಏನೂ ಕಲಿಸಿಲ್ಲ ಎನ್ನುವುದು ತಪ್ಪು ಅಳತೆ.

ಹಾಗೆಂದು ನಲಿ-ಕಲಿ ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಎನ್ನಲಾರೆ. ಒಂದು, ಎರಡು, ಮೂರನೇ ತರಗತಿಗೆ ಒಬ್ಬರೇ ಶಿಕ್ಷಕರು, ಅವರಿಗೂ ಗಣತಿ, ದಾಖಲೆ, ಮೀಟಿಂಗು ಎಂದರೆ ಕಾರ್ಡು ತುಂಬಿಸುವುದೇ ಹೊಸ ರೀತಿಯ ಉರು ಹೊಡೆಯುವ ಕೆಲಸವಾಗುತ್ತದೆ. ಅದು ಶಿಕ್ಷಕರ ಕೊರತೆಯ ಸಮಸ್ಯೆ, ಸೃಜನಶೀಲತೆ ಹೆಚ್ಚಾದ ಸಮಸ್ಯೆ ಖಂಡಿತ ಅಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದೇ ಮಗು ಸಾಲಾಗಿ ಕೂತು ಬೋರ್ಡ್ ನೋಡಿ ಬರೆಯಬೇಕು. ಈ ದಾಟುವಿಕೆಯ ಬಗ್ಗೆ ಪೋಷಕರು ಯಾಕೆ ಕೇಳುವುದಿಲ್ಲವೋ!

‘ಬಲ ಮೆದುಳು’ ಕೋರ್ಸುಗಳು

98%ರ ಫಾರ್ವರ್ಡಿನ ಕೊನೆಗೆ ಕೆಲವೊಮ್ಮೆ ಫೋನ್ ನಂಬರ್ ಇರುತ್ತದೆ. ಬಲ ಮೆದುಳು ಎಚ್ಚರಿಸುವ, ‘ಮಿಡ್‌ಬ್ರೇನ್ ಆ್ಯಕ್ಟಿವೇಷನ್’ ಮಾಡಿ ಕಣ್ಣು ಕಟ್ಟಿಕೊಂಡು ಓದಿಸುವ ತರಗತಿಗಳು ಇವು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ 1,011 ಜನರ ಮೆದುಳಿನ ಸ್ಕ್ಯಾನ್ ನೋಡಿದಾಗ ‘ಬಲ ಮೆದುಳಿನವರು’, ‘ಎಡ ಮೆದುಳಿನವರು’ ಎಂಬ ಎರಡು ಜಾತಿ ಸಿಗಲಿಲ್ಲ. ಮಿಡ್‌ಬ್ರೇನ್ ಅಂದರೆ ಕಣ್ಣಿನ ಚಲನೆ, ಸದ್ದಿಗೆ ತಟ್ಟನೆ ಸ್ಪಂದಿಸುವುದು ಮುಂತಾದವನ್ನು ನೋಡಿಕೊಳ್ಳುವ ಭಾಗ. ಅದು ಹುಟ್ಟಿನಿಂದಲೇ ಕೆಲಸ ಮಾಡುತ್ತಿದೆ, ಎಚ್ಚರಿಸಲು ಯಾರೂ ಬೇಕಾಗಿಲ್ಲ. ಕಣ್ಣಿಗೆ ಕಟ್ಟಿದ ಬಟ್ಟೆಗೂ ಮೂಗಿಗೂ ನಡುವಿನ ಸಂದಿಯಿಂದ ಮಕ್ಕಳು ಓದುತ್ತಾರೆ ಎಂದು ಮಂಗಳೂರಿನ ನರೇಂದ್ರ ನಾಯಕರಂಥ ವಿಚಾರವಾದಿಗಳು ತೋರಿಸಿಕೊಡುತ್ತಲೇ ಬಂದಿದ್ದಾರೆ. ಇಲ್ಲಿ ದುಡ್ಡು ಹೋಗುವುದಕ್ಕಿಂತ ನನಗೆ ಬೇಸರ ತರಿಸುವುದು ಬೇರೆ: ಇಣುಕಿ ನೋಡಿದ್ದನ್ನು ಶಕ್ತಿ ಎಂದು ಹೇಳಿಕೊಳ್ಳಲು ಮಗುವಿಗೆ ಕಲಿಸುತ್ತಾರೆ.

ಹಾಗಾದರೆ ಏನನ್ನು ಗಮನಿಸಬೇಕು?

ಮಗುವಿನ ನೋಟ್‌ಬುಕ್ಕಿನಲ್ಲಿ ‘ನನ್ನ ಊರು’ ಪ್ರಬಂಧ ತೆಗೆದು ನೋಡಿ. ಗುಂಡ್ಲುಪೇಟೆ ಸುತ್ತ ಮಳೆಗಾಲದಲ್ಲಿ ಚೆಂಡುಹೂವಿನ ಹೊಲಗಳು ರಸ್ತೆಯವರೆಗೂ ಅರಳಿರುತ್ತವೆ, ಕೇರಳದಿಂದ ಜನ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ, ಹೂವು ಬಣ್ಣ ತೆಗೆಯಲು ಕಾರ್ಖಾನೆಗೆ ಹೋಗುತ್ತದೆ. ಬಂಡೀಪುರದ ಅಂಚಿನ ಹಳ್ಳಿಯ ಮಗುವಿಗೆ ಆನೆ ಹೊಲಕ್ಕೆ ಬಂದ ರಾತ್ರಿ ಗೊತ್ತು. ಪ್ರಬಂಧದಲ್ಲಿ ಮಾತ್ರ ಗೈಡ್‌ನಿಂದ ಇಳಿದ ‘ತುಂಬಿ ಹರಿಯುವ ನದಿ’, ‘ಹಚ್ಚಹಸಿರಿನ ಗದ್ದೆ’. ಅದಕ್ಕೇ ಹತ್ತಕ್ಕೆ ಒಂಬತ್ತು ಅಂಕ, ಕೆಂಪು ಇಂಕಿನ ‘ಗುಡ್’. ಇಲ್ಲಿ ಮಗುವಿಗೆ ಕಲ್ಪನೆ ಕಮ್ಮಿಯಾಗಿಲ್ಲ. ತಾನು ಕಂಡದ್ದು ಪ್ರಬಂಧಕ್ಕೆ ಬೇಡದ ವಿಷಯ ಎಂದು ಅದು ಅರ್ಥಮಾಡಿಕೊಂಡಿದೆ.

ಸ್ಟೇಷನರಿ ಅಂಗಡಿಯಲ್ಲಿ ಚಿತ್ರದ ಹಾಳೆ ತಂದು ನಾವೇ ಅಂಟಿಸಿಕೊಡುವ ‘ಪ್ರಾಜೆಕ್ಟ್’ ಕೂಡ ಇದೇ ಜಾತಿಗೆ ಸೇರಿದ್ದು. ಮುಂದಿನ ಸಲ ಪೋಷಕರ ಸಭೆಗೋ ಎಸ್‌ಡಿಎಂಸಿ ಸಭೆಗೋ ಹೋದಾಗ ನಲಿ-ಕಲಿ ಕೊಠಡಿಯ ಮೇಲೆ ಕಟ್ಟಿರುವ ಚಪ್ಪರದತ್ತ ಕತ್ತೆತ್ತಿ ನೋಡಿ. ದಾರದಿಂದ ತೂಗುವ ಮಕ್ಕಳ ಹಾಳೆಗಳಲ್ಲಿ ಎಲ್ಲವೂ ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನ ಮರವೇ ಆಗಿದ್ದರೆ, ಶಿಕ್ಷಕರನ್ನು ಮೆಲ್ಲಗೆ ಕೇಳಬಹುದು: ‘ಮೇಡಂ, ನಮ್ಮೂರಿನ ಚೆಂಡುಹೂವು ಯಾರೂ ಬರೆದಿಲ್ವಾ?’