ಇದೂ ಚಿತ್ರವೇ?

ಶಹಾಪುರದ ಬೆಟ್ಟಗಳನ್ನು ದೂರದಿಂದ ಕಂಡವರು, ಬುದ್ಧನು ಅಂಗಾತ ಮಲಗಿರುವನೆಂದು ಬೆರಳು ಮಾಡಿ ತೋರಿಸುತ್ತಾರೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಬಾನಂಚಿನಲ್ಲಿ ಮೂಡಿವೆ. ಆ ಮೂರ್ತಿಯನ್ನು ಯಾವ ಶಿಲ್ಪಿಯೂ ಕಡೆಯಲಿಲ್ಲ. ಬೇರೆ ಬೇರೆ ಗುಡ್ಡಗಳು ಒಂದು ದಿಕ್ಕಿನಿಂದ ನೋಡುವವನ ಕಣ್ಣಿಗೆ ಒಂದೇ ಆಕೃತಿಯಾಗಿ ಕೂಡಿಕೊಳ್ಳುತ್ತವೆ. ದಾರಿ ತಿರುಗಿತೆಂದರೆ ಬುದ್ಧನು ಮಾಯವಾಗಿ ಬರಿಯ ಬಂಡೆಗಳು ಉಳಿಯುತ್ತವೆ. ನಿಂತು ನೋಡುವ ಸ್ಥಳವು ಬದಲಾದರೆ ಕಾಣುವ ವಸ್ತುವೂ ಬದಲಾಗುತ್ತದೆ. ಚಿತ್ರಕಲೆಯ ಅಧ್ಯಾಪಕನು ಕಲಿಸಬೇಕಾದ ಮೊದಲ ಪಾಠ ಇದೇ ಎಂದು ನನಗೆ ತೋರುತ್ತದೆ.

ಶಾಲೆಗಳಲ್ಲಿ ಚಿತ್ರಕಲೆಯೆಂದರೆ ಬಹುಮಟ್ಟಿಗೆ ಹೂಜಿಯನ್ನೋ ಮಾವಿನ ಎಲೆಯನ್ನೋ ಇದ್ದಂತೆ ಬರೆಯುವುದು. ಅನಂತರ ಲೋಯರ್, ಹೈಯರ್ ಪರೀಕ್ಷೆಗಳಿಗೆ ಕುಳಿತುಕೊಳ್ಳುವುದು. ಈ ಅಭ್ಯಾಸವನ್ನು ಹಳಿಯಬೇಕಾಗಿಲ್ಲ. ಕೈ ಪಳಗದಿದ್ದರೆ ಕಣ್ಣು ಕಂಡುದು ಕಾಗದಕ್ಕೆ ಇಳಿಯದು. ಆದರೆ ಕಲೆ ಇಷ್ಟೇ ಎಂದು ಮಕ್ಕಳು ನಂಬಿಬಿಟ್ಟರೆ ಅದು ದೊಡ್ಡ ನಷ್ಟ. (ವಾರ್ಷಿಕ ಪರೀಕ್ಷೆ ಸಮೀಪಿಸಿದಾಗ ಈ ಅವಧಿಯನ್ನೂ ಗಣಿತಕ್ಕೆ ಒಪ್ಪಿಸಿಬಿಡುವ ಪದ್ಧತಿಯಂತೂ ಇದ್ದೇ ಇದೆ!)

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಸೊಗಸಾದ ಚಿತ್ರಶೈಲಿಯೊಂದು ಬೆಳೆಯಿತು. ಆ ಚಿತ್ರಗಾರರಿಗೆ ಏನನ್ನು ಬರೆಯಬೇಕೆಂಬ ಚಿಂತೆಯಿರಲಿಲ್ಲ. ದೇವತೆಗಳ ರೂಪಗಳನ್ನು ಸಂಪ್ರದಾಯ ಹೇಳಿಕೊಡುತ್ತಿತ್ತು. ಬರೆದುದಕ್ಕೆ ಮನ್ನಣೆ ಅರಮನೆಯಿಂದ ದೊರೆಯುತ್ತಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಮಡಿದ ಮೇಲೆ ಸಂಸ್ಥಾನದ ಆಳ್ವಿಕೆ ಮುಗಿಯಿತು. ಅದರೊಡನೆ ಆ ಆಶ್ರಯವೂ ಹೋಯಿತು. ಇಂದಿನ ಕಲಾವಿದನಿಗೆ ಅರಮನೆಯಿಲ್ಲ. ವಿಷಯ, ಸಾಮಗ್ರಿ, ನೋಡುವವರು ಎಲ್ಲವನ್ನೂ ಅವನೇ ಹುಡುಕಿಕೊಳ್ಳಬೇಕು. ಸಮಕಾಲೀನ ಕಲೆ ನಮಗೆ ವಿಚಿತ್ರವಾಗಿ ಕಾಣುವುದಕ್ಕೆ ಈ ಹುಡುಕಾಟವೇ ಮುಖ್ಯ ಕಾರಣ.

ಇಂತಹ ಹುಡುಕಾಟಕ್ಕೆ ಶಿಷ್ಯರನ್ನು ಸಿದ್ಧಗೊಳಿಸಿದ ಗುರುಗಳಲ್ಲಿ ಆರ್. ಎಂ. ಹಡಪದರು ಒಬ್ಬರು. ಬಾದಾಮಿಯ ನೆಲದಿಂದ ಬಂದ ಅವರು 1960ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಸ್ಥಾಪಿಸಿ, 2003ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿ ದುಡಿದರು. ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡರು ಮೊದಲು ಕಲಿತದ್ದು ಈ ಶಾಲೆಯಲ್ಲಿಯೇ. ಮುಂದೆ ಅವರು ಶಾಂತಿನಿಕೇತನಕ್ಕೆ ಹೋಗಿ, ಅನಂತರ ಲಂಡನ್ನಿನಲ್ಲಿಯೂ ಅಭ್ಯಾಸ ಮಾಡಿದರು. ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದ ಅವರು 1990ರ ದಶಕದಲ್ಲಿ, ಕೋಮುಗಲಭೆಗಳಿಂದ ದೇಶವು ಕದಡಿದ್ದಾಗ, ಆ ಬಣ್ಣ ಸಾಲದೆನಿಸಿ ಸೆಗಣಿಯನ್ನು ಕೈಗೆತ್ತಿಕೊಂಡರು!

ಇದನ್ನು ಕೇಳಿದೊಡನೆ ತರಗತಿಯಲ್ಲಿ ನಗು ಏಳುವುದು ಸಹಜ. ನಗು ಅಡಗಿದ ಮೇಲೆ ಅಧ್ಯಾಪಕನು ಒಂದು ಪ್ರಶ್ನೆ ಹಾಕಬೇಕು: ಸೆಗಣಿ ನಮ್ಮಲ್ಲಿ ಏನೇನಾಗಿದೆ? ಅಂಗಳಕ್ಕೆ ಸಾರಣೆ, ಒಲೆಗೆ ಕುಳ್ಳು, ಹೊಲಕ್ಕೆ ಗೊಬ್ಬರ, ಹಬ್ಬದಲ್ಲಿ ಪೂಜೆಯ ವಸ್ತು. ಅದನ್ನು ಬಳಿಯುವುದು, ತಟ್ಟುವುದು ಹೆಣ್ಣುಮಕ್ಕಳ ನಿತ್ಯದ ದುಡಿಮೆ. ಇಷ್ಟೆಲ್ಲ ಅರ್ಥಗಳನ್ನು ಮೊದಲೇ ಹೊತ್ತ ಬಣ್ಣವು ಯಾವ ಅಂಗಡಿಯಲ್ಲಿ ಸಿಕ್ಕೀತು? ಅದೇ ಕಲಾವಿದೆ 1998ರ ಕೃತಿಯೊಂದರಲ್ಲಿ ಸೂಜಿಗಳಿಗೆ ಉದ್ದುದ್ದ ದಾರಗಳನ್ನು ಪೋಣಿಸಿ, ಕುಂಕುಮ ಹಾಗೂ ಅಂಟಿನಿಂದ ಅವನ್ನು ಕೂಡಿಸಿ ಕೆಂಪು ಹಗ್ಗ ಮಾಡಿದರು. ಗೋಡೆಯಲ್ಲಿಯೂ ನೆಲದಲ್ಲಿಯೂ ಹರಿದಾಡುವ ಆ ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಕೃತಿಯ ಇಂಗ್ಲಿಷ್ ಹೆಸರಿಗೆ ‘ನನ್ನ ನೋವನ್ನು ಅವನಿಗೆ ತಿಳಿಸು’ ಎಂದು ಅರ್ಥ. ಹೊಲಿಗೆ ಬಲ್ಲ ಯಾವ ತಾಯಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲನ್ನು ಜೋಡಿಸಿ ಗೂಳಿಯ ತಲೆ ಮಾಡಿದನು. ಸೀಟು ಮುಖವಾಯಿತು, ಹ್ಯಾಂಡಲು ಕೊಂಬಾಯಿತು. ಯಾದಗಿರಿಯ ಗುಜರಿ ಅಂಗಡಿಗಳಲ್ಲಿಯೂ ಇಂತಹ ಗೂಳಿಗಳು ಬಿದ್ದಿರಬಹುದು. ಗುರುತಿಸುವ ಹುಡುಗನೊಬ್ಬ ಬೇಕು, ಅಷ್ಟೆ.

ಕೃತಿಯ ಚಿತ್ರವನ್ನು ತೋರಿಸಿದೊಡನೆ ಅದರ ಅರ್ಥವನ್ನು ಹೇಳಿಬಿಡುವ ಅವಸರ ಅಧ್ಯಾಪಕನಿಗೆ ಇರಬಾರದು. ಇದನ್ನು ಯಾವುದರಿಂದ ಮಾಡಿದ್ದಾರೆ, ಎಷ್ಟು ಭಾರವಿದ್ದೀತು, ಮುಟ್ಟಿದರೆ ಹೇಗಿದ್ದೀತು ಎಂದು ಕೇಳಿ ಸುಮ್ಮನಿರಬೇಕು. ಬಳಿಕ ಮಕ್ಕಳನ್ನು ಹೊರಗೆ ಕರೆದೊಯ್ಯಬೇಕು. ಸುರಪುರದ ಸೀಮೆಯ ಬೂದಿಹಾಳದಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ಕೂಡಿಹಾಕಿದ ಸೆಗಣಿ ಸುಟ್ಟು ಬೂದಿಯ ದಿಬ್ಬವೇ ಆಗಿದೆ. 1990ರ ದಶಕದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಅದನ್ನು ಅಗೆದು ಪರಿಶೀಲಿಸಿದರು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಪ್ರಾಚೀನರು ದೊಡ್ಡ ದೊಡ್ಡ ಗುಂಡುಗಳನ್ನು ಉರುಳಿಸಿ ತಂದು ಓರೆಸಾಲುಗಳಲ್ಲಿ ಇರಿಸಿದ್ದಾರೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇವುಗಳ ವಿಷಯವಾಗಿ ಬರೆದನು. ಆ ಸಾಲುಗಳ ನಡುವೆ ಮಕ್ಕಳು ಒಮ್ಮೆ ನಡೆದು, ಮತ್ತೊಮ್ಮೆ ಎತ್ತರದಲ್ಲಿ ನಿಂತು ನೋಡಿ, ಎರಡು ಚಿತ್ರ ಬರೆಯಲಿ. ಎರಡೂ ಒಂದೇ ತೆರನಾಗಿ ಇರಲಾರವು. ಅಂದು ರಬ್ಬರನ್ನು ಮಾತ್ರ ಶಾಲೆಯಲ್ಲಿಯೇ ಬಿಟ್ಟು ಹೊರಡುವುದು ಒಳ್ಳೆಯದು.