ಎರಡು ಕಡೆ ಇರುವ ಡೇಟಾಬೇಸನ್ನು ಅಳಿಸುವುದು

ಒಂದೇ ಸರ್ವರಿನಲ್ಲಿರುವ ಡೇಟಾಬೇಸನ್ನು ಅಳಿಸಲು ಒಂದು ಆಜ್ಞೆ ಸಾಕು. ಅಮೆರಿಕದ ವರ್ಜೀನಿಯಾದಲ್ಲೂ ಒಹಾಯೊದಲ್ಲೂ ಏಕಕಾಲಕ್ಕೆ ನಡೆಯುತ್ತಿರುವ ಡೇಟಾಬೇಸನ್ನು ಅಳಿಸಬೇಕಾದರೆ ಆಜ್ಞೆ ಯಾರಿಗೆ ಕೊಡಬೇಕು? ಒಂದು ಕಡೆ ಅಳಿಸಿದ ಮೇಲೆ ಇನ್ನೊಂದು ಕಡೆಯದು ಏನಾಗುತ್ತದೆ? ಡೇಟಾಬೇಸನ್ನು ಕಟ್ಟುವ ವಿಧಾನವನ್ನು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಕೆಡವುವ ವಿಧಾನಕ್ಕೂ ಅಷ್ಟೇ ಗಮನ ಸಲ್ಲಬೇಕು, ಏಕೆಂದರೆ ಅಲ್ಲಿ ಆಗುವ ತಪ್ಪನ್ನು ತಿದ್ದಲು ಹೆಚ್ಚಿನ ಸಲ ಎರಡನೆಯ ಅವಕಾಶ ಇರುವುದಿಲ್ಲ.

ಅಮೆಜಾನಿನ ಕ್ಲೌಡ್ ಸಂಸ್ಥೆಯಾದ ಎಡಬ್ಲ್ಯುಎಸ್ 2024ರ ಡಿಸೆಂಬರಿನಲ್ಲಿ ಅರೋರಾ ಡಿಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸೇವೆಯನ್ನು ಪ್ರಕಟಿಸಿತು. 2025ರ ಮೇ ತಿಂಗಳಲ್ಲಿ ಅದು ಎಲ್ಲರ ಬಳಕೆಗೂ ತೆರೆಯಿತು. ಇದರಲ್ಲಿ ಎರಡು ರೀಜನ್‌ಗಳಲ್ಲಿ, ಅಂದರೆ ಸಂಸ್ಥೆಯ ಡೇಟಾ ಕೇಂದ್ರಗಳಿರುವ ಎರಡು ಪ್ರದೇಶಗಳಲ್ಲಿ, ಒಂದೊಂದು ಕ್ಲಸ್ಟರ್ (ಈ ಸೇವೆಯಲ್ಲಿ ಡೇಟಾಬೇಸಿಗೆ ಇರುವ ಹೆಸರು) ಕಟ್ಟಿ ಅವನ್ನು ಜೋಡಿ ಮಾಡಬಹುದು. ಜೋಡಿಯಲ್ಲಿ ಒಂದು ಅಸಲು, ಇನ್ನೊಂದು ನಕಲು ಎಂಬ ಭೇದವಿಲ್ಲ. ಎರಡು ಕಡೆಯೂ ಓದಬಹುದು, ಎರಡು ಕಡೆಯೂ ಬರೆಯಬಹುದು. ವರ್ಜೀನಿಯಾದಲ್ಲಿ ಬರೆದು ಮುಗಿಸಿದ್ದು ಆಮೇಲೆ ಒಹಾಯೊದಲ್ಲಿ ಓದುವವರಿಗೂ ಕಾಣಲೇಬೇಕು. ಇವೆರಡರ ಜೊತೆಗೆ ಮೂರನೆಯ ರೀಜನ್ ಒಂದನ್ನು, ಆರೆಗಾನ್ ಎಂದಿಟ್ಟುಕೊಳ್ಳಿ, ಸಾಕ್ಷಿಯಾಗಿ ನೇಮಿಸಬೇಕು. ಅಲ್ಲಿ ಪೂರ್ತಿ ಡೇಟಾ ಇರುವುದಿಲ್ಲ, ವಹಿವಾಟಿನ ದಾಖಲೆಯ ಒಂದಿಷ್ಟು ಭಾಗ ಗೂಢಲಿಪಿಯಲ್ಲಿ ಇರುತ್ತದೆ, ಅಷ್ಟೆ. ಅಲ್ಲಿ ಕ್ಲಸ್ಟರ್ ಇಲ್ಲದ್ದರಿಂದ ಅಳಿಸುವ ಹೊತ್ತಿಗೆ ಸಾಕ್ಷಿಗೆಂದು ಬೇರೆ ಆಜ್ಞೆ ಬೇಕಿಲ್ಲ.

ಈ ಕೆಲಸವನ್ನು ಬ್ರೌಸರಿನಲ್ಲಿ ಗುಂಡಿ ಒತ್ತಿಯೂ ಮಾಡಬಹುದು. ಆದರೂ ಎಂಜಿನಿಯರುಗಳು ಕೋಡ್ ಬರೆದೇ ಮಾಡುತ್ತಾರೆ. ಹೊಸ ತಂತ್ರಾಂಶವನ್ನು ಪರೀಕ್ಷಿಸಲು ತಾತ್ಕಾಲಿಕ ಕ್ಲಸ್ಟರುಗಳನ್ನು ಕಟ್ಟುವುದು, ಪರೀಕ್ಷೆ ಮುಗಿದೊಡನೆ ಕೆಡವುವುದು ಅವರಿಗೆ ದಿನನಿತ್ಯದ ಮಾತು. ಕೆಡವದೆ ಬಿಟ್ಟದ್ದು ಬಿಲ್ಲಿನಲ್ಲಿ ಬರುತ್ತಲೇ ಇರುತ್ತದೆ. ಕೋಡಿಗೆ ಇನ್ನೊಂದು ಗುಣವಿದೆ: ಅದನ್ನು ಓಡಿಸುವ ಮೊದಲು ಇನ್ನೊಬ್ಬರು ಓದಿ ನೋಡಬಹುದು.

ಪೈಥಾನಿನಲ್ಲಾದರೆ ಬೋಟೊ3 ಎಂಬ ಲೈಬ್ರರಿ ಬಳಸುತ್ತಾರೆ. ಮೊದಲು ಆಜ್ಞೆಗಳನ್ನು ಸೇವೆಗೆ ತಲುಪಿಸುವ ಎರಡು ಕ್ಲೈಂಟ್‌ಗಳನ್ನು ಸೃಷ್ಟಿಸಬೇಕು, ರೀಜನ್ನಿಗೆ ಒಂದರಂತೆ. ವರ್ಜೀನಿಯಾದ ಕ್ಲೈಂಟಿಗೆ ಒಹಾಯೊದ ಕ್ಲಸ್ಟರ್ ಕಾಣಿಸುವುದಿಲ್ಲ. ಕ್ಲಸ್ಟರಿಗೆ ಅಳಿಸುವಿಕೆಯ ತಡೆ ಹಾಕಿದ್ದರೆ ಅದನ್ನು ಪ್ರತ್ಯೇಕ ಆಜ್ಞೆಯಿಂದ ತೆಗೆಯಬೇಕು. ತೆಗೆಯುವವರೆಗೆ ಅಳಿಸುವ ಆಜ್ಞೆ ತಿರಸ್ಕೃತವಾಗುತ್ತದೆ. ಆಮೇಲೆ ಮೊದಲ ಕ್ಲಸ್ಟರಿನ ಗುರುತು ಕೊಟ್ಟು ಅಳಿಸು ಎನ್ನಬೇಕು. ಆಗಲೂ ಅದು ಮಾಯವಾಗುವುದಿಲ್ಲ. ಅದರ ಸ್ಥಿತಿ ‘ಪೆಂಡಿಂಗ್ ಡಿಲೀಟ್’ ಎಂದು ಬದಲಾಗುತ್ತದೆ, ಜೋಡಿಯ ಇನ್ನೊಂದು ಕ್ಲಸ್ಟರಿಗೂ ಅಳಿಸುವ ಆಜ್ಞೆ ಬರುವವರೆಗೆ ಅಲ್ಲೇ ನಿಲ್ಲುತ್ತದೆ. ಬ್ಯಾಂಕಿನ ಲಾಕರ್ ತೆರೆಯಲು ಗ್ರಾಹಕರ ಕೀಲಿಯ ಜೊತೆಗೆ ಬ್ಯಾಂಕಿನವರ ಕೀಲಿಯೂ ಬೇಕಲ್ಲ, ಅಂಥದೇ ಏರ್ಪಾಡು ಇದು.

ಆದರೆ ಎರಡೂ ಕೀಲಿಗಳು ಒಬ್ಬರ ಜೇಬಿನಲ್ಲೇ ಇದ್ದರೆ ಆ ಏರ್ಪಾಡಿಗೆ ಅರ್ಥವಿಲ್ಲ. ಕಲಿಕೆಗೆಂದು ಕೊಡುವ ಮಾದರಿ ಕೋಡುಗಳಲ್ಲಿ ಎರಡೂ ಆಜ್ಞೆಗಳು ಒಂದೇ ಫಂಕ್ಷನ್ನಿನೊಳಗೆ, ಒಂದರ ಕೆಳಗೊಂದು ಇರುತ್ತವೆ. ಪರೀಕ್ಷೆಯ ಕ್ಲಸ್ಟರಿಗೆ ಅದು ಸರಿಯೇ. ಜನರ ಹಣ, ಚಿಕಿತ್ಸೆ, ಟಿಕೆಟ್ಟುಗಳ ಲೆಕ್ಕವಿರುವ ಡೇಟಾಬೇಸಿಗೆ ಅದೇ ಫಂಕ್ಷನ್ನನ್ನು ಬಳಸಬಾರದೆಂಬುದು ನನ್ನ ದೃಢ ಅಭಿಪ್ರಾಯ. ತಡೆ ತೆಗೆಯುವ ಅನುಮತಿ ಒಬ್ಬರಿಗೆ, ಅಳಿಸುವ ಅನುಮತಿ ಇನ್ನೊಬ್ಬರಿಗೆ ಇರಲಿ. ಎರಡನೆಯ ರೀಜನ್ನಿನ ಆಜ್ಞೆಯನ್ನು ಬೇರೆ ಹೊತ್ತಿನಲ್ಲಿ, ಮೊದಲನೆಯದರ ಫಲ ನೋಡಿದ ಮೇಲೆ ಓಡಿಸಲಿ.

ಇನ್ನೊಂದು ಸೂಕ್ಷ್ಮ. ಅಳಿಸಿದ ಕ್ಲಸ್ಟರ್ ನಿಜಕ್ಕೂ ಹೋಯಿತೇ ಎಂದು ತಿಳಿಯಲು ಬೋಟೊ3ರಲ್ಲಿ ವೇಟರ್ ಎಂಬ ಸೌಲಭ್ಯವಿದೆ. ಅದು ಕೆಲವು ಸೆಕೆಂಡಿಗೊಮ್ಮೆ, ಇಲ್ಲವೇ ನಾವು ಹೇಳಿದಷ್ಟು ಹೊತ್ತಿಗೊಮ್ಮೆ, ‘ಆ ಕ್ಲಸ್ಟರ್ ಇದೆಯೇ’ ಎಂದು ಕೇಳುತ್ತದೆ. ‘ಸಿಗಲಿಲ್ಲ’ ಎಂಬ ದೋಷಸಂದೇಶ ಬಂದಾಗ ಕೆಲಸ ಮುಗಿಯಿತೆಂದು ತೀರ್ಮಾನಿಸುತ್ತದೆ. ಎರಡನೆಯ ಕ್ಲಸ್ಟರಿಗೆ ಕೊಟ್ಟ ರೀಜನ್ನಿನ ಹೆಸರು ತಪ್ಪಾಗಿದ್ದರೂ ಬರುವುದು ಅದೇ ‘ಸಿಗಲಿಲ್ಲ’ ಎಂಬ ಉತ್ತರ! ಅಳಿಸುವ ಆಜ್ಞೆಗೂ ಇದೇ ದೋಷ ಬಂದಿರುತ್ತದೆ. ಈಗಾಗಲೇ ಅಳಿಸಿಹೋಗಿರಬೇಕು ಎಂದು ಭಾವಿಸಿ ಅದನ್ನು ಕೋಡಿನಲ್ಲೇ ನುಂಗಿಕೊಂಡಿದ್ದರೆ, ಪರದೆಯ ಮೇಲೆ ಯಶಸ್ಸಿನ ಸಂದೇಶ ಮೂಡುತ್ತದೆ. ಎರಡನೆಯ ಕ್ಲಸ್ಟರ್ ಮಾತ್ರ ಇದ್ದಲ್ಲೇ ಇರುತ್ತದೆ, ಮೊದಲನೆಯದು ಅದಕ್ಕಾಗಿ ಕಾಯುತ್ತಿರುತ್ತದೆ. ಆದ್ದರಿಂದ ಅಳಿಸುವ ಮುನ್ನ ಕ್ಲಸ್ಟರಿನ ವಿವರವನ್ನು ಕೇಳಿ ಪಡೆದು, ಅದರ ಜೋಡಿ ಯಾವುದೆಂದು ಹೊಂದಿಸಿ ನೋಡಬೇಕು.

ಎಲ್ಲಿ ಆಜ್ಞೆ ಕೊಡುತ್ತಿದ್ದೇವೆ ಎಂಬ ಗೊಂದಲಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಗಿಟ್‌ಲ್ಯಾಬ್ ಸಂಸ್ಥೆ ತಾನೇ ಬಹಿರಂಗವಾಗಿ ಬರೆದಿಟ್ಟಿದೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರ್ ಒಬ್ಬರು ನಕಲು ಸರ್ವರಿನ ಡೇಟಾವನ್ನು ಖಾಲಿ ಮಾಡಲು ಹೊರಟು, ಮುಖ್ಯ ಸರ್ವರಿನಲ್ಲಿ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ಎಚ್ಚೆತ್ತು ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ನಿತ್ಯದ ಬ್ಯಾಕಪ್ಪುಗಳನ್ನು ಹುಡುಕಿದರೆ ಅವೂ ಇರಲಿಲ್ಲ. ಬ್ಯಾಕಪ್ ತಂತ್ರಾಂಶದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ವಿಫಲವಾಗುತ್ತಿತ್ತು, ವಿಫಲವಾಯಿತೆಂದು ತಿಳಿಸುವ ಇಮೇಲುಗಳು ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ನಡುವಿನ ಆರು ಗಂಟೆಗಳ ಡೇಟಾ ಹೋಯಿತು. ತಪ್ಪನ್ನು ಮುಚ್ಚಿಡದೆ, ದುರಸ್ತಿಯ ಕೆಲಸವನ್ನು ಎಲ್ಲರೂ ನೋಡುವಂತೆ ನೇರಪ್ರಸಾರ ಮಾಡಿದ ಆ ತಂಡದ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಎರಡು ರೀಜನ್ನುಗಳಿವೆ, ಹಾಗಾಗಿ ಬ್ಯಾಕಪ್ ಬೇಕಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅಪಾಯದ ತಿಳಿವಳಿಕೆ. ಎರಡನೆಯ ರೀಜನ್ ಕಾಪಾಡುವುದು ಬೆಂಕಿ, ವಿದ್ಯುತ್ ಕಡಿತ, ತುಂಡಾದ ಕೇಬಲ್‌ನಂಥವುಗಳಿಂದ. ತಪ್ಪು ಆಜ್ಞೆಯಿಂದ ಅದು ಕಾಪಾಡುವುದಿಲ್ಲ. ವರ್ಜೀನಿಯಾದಲ್ಲಿ ಒಂದು ಟೇಬಲ್ಲನ್ನು ಅಳಿಸಿದರೆ ಒಹಾಯೊದಲ್ಲೂ ಅದು ಇರುವುದಿಲ್ಲ. ಎರಡನ್ನೂ ಒಂದೇ ಆಗಿ ಇಡುವುದೇ ಈ ವ್ಯವಸ್ಥೆಯ ಕರ್ತವ್ಯ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ ಗೂಗಲ್ ಕ್ಲೌಡಿನಲ್ಲಿ ತಾನಾಗಿಯೇ ಅಳಿಸಿಹೋಯಿತು. ಅದನ್ನು ಸ್ಥಾಪಿಸುವಾಗ ಒಳಗಿನ ಉಪಕರಣವೊಂದರಲ್ಲಿ ಒಂದು ಅಂಕಣ ಖಾಲಿ ಉಳಿದು, ಅವಧಿ ಒಂದು ವರ್ಷವೆಂದು ದಾಖಲಾಗಿತ್ತು. ವರ್ಷ ಮುಗಿಯಿತು, ಯಂತ್ರ ತನ್ನ ಕೆಲಸ ಮಾಡಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಆ ನಿಧಿ ಚೇತರಿಸಿಕೊಳ್ಳಲು ಪ್ರತ್ಯೇಕವಾಗಿ ಇಟ್ಟಿದ್ದ ಬ್ಯಾಕಪ್ಪುಗಳೇ ಆಧಾರವಾದವು.

ಕ್ಲಸ್ಟರ್ ಹೋದ ಮೇಲೂ ಒಂದು ವಸ್ತು ಉಳಿದಿರುತ್ತದೆ: ಡೇಟಾವನ್ನು ಗೂಢಲಿಪಿಗೆ ತಿರುಗಿಸಿದ ಕೀಲಿ. ಸ್ವಚ್ಛಗೊಳಿಸುವ ಹುರುಪಿನಲ್ಲಿ ಅದನ್ನೂ ಅಳಿಸಹೊರಡುವವರಿದ್ದಾರೆ. ಎಡಬ್ಲ್ಯುಎಸ್ ಗ್ರಾಹಕರ ಕೀಲಿಯನ್ನು ತಕ್ಷಣ ಅಳಿಸಗೊಡುವುದಿಲ್ಲ. ಕನಿಷ್ಠ 7, ಗರಿಷ್ಠ 30 ದಿನ ಕಾಯಿಸುತ್ತದೆ, ಅಷ್ಟರೊಳಗೆ ಮನಸ್ಸು ಬದಲಾದರೆ ರದ್ದು ಮಾಡಬಹುದು. ಅವಧಿ ಮೀರಿದರೆ ಆ ಕೀಲಿಯಿಂದ ಮುಚ್ಚಿದ ಬ್ಯಾಕಪ್ ಕಣ್ಣೆದುರಿಗಿದ್ದರೂ ಯಾರಿಂದಲೂ ತೆರೆಯಲಾಗದು. ಹಾಗಾಗಿ ಕೊನೆಯ ಬ್ಯಾಕಪ್ಪಿನ ಕಾಲಾವಧಿ ತೀರುವವರೆಗೆ ಕೀಲಿಯನ್ನು ಉಳಿಸಿಕೊಳ್ಳಬೇಕು.