ಕ್ರಿಸ್ತರ ಕಣ್ಣೀರು ಎಂಬ ದ್ರಾಕ್ಷಾರಸ

ಇಟಲಿಯ ನೇಪಲ್ಸ್ ಬಳಿ, ವೆಸುವಿಯಸ್ ಅಗ್ನಿಪರ್ವತದ ಇಳಿಜಾರಿನ ಕೆಂಪು ದ್ರಾಕ್ಷಾರಸವೊಂದಕ್ಕೆ ‘ಲಾಕ್ರಿಮಾ ಕ್ರಿಸ್ತಿ’, ಅಂದರೆ ಕ್ರಿಸ್ತರ ಕಣ್ಣೀರು ಎಂದು ಹೆಸರು. ಲೂಸಿಫರನು ಬೀಳುವಾಗ ಸ್ವರ್ಗದ ತುಂಡೊಂದನ್ನು ಕದ್ದೊಯ್ದನಂತೆ. ಅದೇ ನೇಪಲ್ಸ್ ಕೊಲ್ಲಿಯೆಂದು ಗುರುತಿಸಿ ಪ್ರಭು ಅತ್ತರಂತೆ. ಕಣ್ಣೀರು ಬಿದ್ದಲ್ಲಿ ಬಳ್ಳಿ ಚಿಗುರಿತಂತೆ. ಇದು ಶುಭಸಂದೇಶದ ಮಾತಲ್ಲ, ಜನರ ಕಥೆ. ಆದರೂ 1944ರಲ್ಲಿ ಕೂಡ ಬೆಂಕಿ ಉಗುಳಿದ ಬೆಟ್ಟದಲ್ಲಿ ಬಳ್ಳಿ ನೆಡುವವರಿಗೆ ಕಣ್ಣೀರೆಂದರೇನೆಂದು ಗೊತ್ತು.

ಇದಕ್ಕೆ ಬಳಸುವ ಮುಖ್ಯ ತಳಿ ಪಿಯೆದಿರೊಸ್ಸೊ, ಅಂದರೆ ‘ಕೆಂಪು ಕಾಲು’. ತೊಟ್ಟು ಪಾರಿವಾಳದ ಕಾಲಿನಂತೆ ಕೆಂಪು. 1983ರಿಂದ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಬೇರೆ ಊರಿನ ದ್ರಾಕ್ಷಾರಸಕ್ಕೆ ಅಂಟಿಸುವಂತಿಲ್ಲ.

ಹಾಗಾದರೆ ಬಲಿಪೂಜೆಗೆ ಇದೇ ಹೆಚ್ಚು ಯೋಗ್ಯವೇ ಎಂದು ನಾವು ಕೇಳಬಹುದು. ಹೆಸರಿನಿಂದಲ್ಲ. ಧರ್ಮಸಭೆ ಕೇಳುವುದು ದ್ರಾಕ್ಷಿಯಿಂದಲೇ ಆದ, ಕೆಡದ, ಕಲಬೆರಕೆಯಿಲ್ಲದ ದ್ರಾಕ್ಷಾರಸವನ್ನು, ಬಿಳಿಯದಾದರೂ ಆಗುತ್ತದೆ.